ಅಂಗುಸ್ತಾನದ ಬೆರಳು

ಗಾಜಿನ ಬಾಗಿಲು ಗಡಗಡ ಅನ್ನುತ್ತಿದೆ, ಸ್ಕ್ರೂ ಸಡಿಲ, ವರ್ಕ್‌ಶಾಪಿನಲ್ಲಾಗಿದ್ದರೆ ಅರೆ ಸುತ್ತು ತಿರುಗಿಸಿ ಅದರ ಬಾಯಿ ಮುಚ್ಚಿಸುತ್ತಿದ್ದ, ಆದರೆ ಇದು ಸ್ಪೀಕರ್ ಅಂಗಡಿ, ಇಲ್ಲಿ ನಡುಕವೇ ವ್ಯಾಪಾರ, ನೋಡಿ ಸಾರ್ ಗೋಡೆನೇ ಅಲ್ಲಾಡ್ತಿದೆ, ಹೆವಿ ಮ್ಯೂಸಿಕ್‌ಗೆ ಈ ಸಬ್‌ವೂಫರ್ ಬಿಟ್ರೆ ಇನ್ನೊಂದಿಲ್ಲ, ಅನ್ನುತ್ತಿದ್ದಾನೆ ಅಂಗಡಿಯವನು, ಕಣ್ಣು ಮಾತ್ರ ಇವನ ಗ್ರೀಸು ಮೆತ್ತಿದ ಉಗುರಿನ ಮೇಲೆ — ನೋಡಲಿ, ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನ ಉಗುರು ಹೀಗೇ ಇರುತ್ತದೆ, ಮೈಯೆಲ್ಲ ಉರಿಯುತ್ತದೆ, ಆದರೆ ಇವತ್ತು ಜಗಳ ಬೇಡ, ಅಕ್ಕ ಆಗಲೇ ಚಪ್ಪಲಿ ಕಳಚಿ ಮರದ ನೆಲದ ಮೇಲೆ ಕೂತಿದ್ದಾಳೆ, ಅಂಗೈ ನೆಲಕ್ಕೊತ್ತಿ, ಗುಂಡಿ ಹೊಲಿಯುತ್ತಿದ್ದವಳು ಸೂಜಿ ಚುಚ್ಚದಂತೆ ಬೆರಳಿಗೆ ತೊಟ್ಟ ಲೋಹದ ಅಂಗುಸ್ತಾನವನ್ನೂ ತೆಗೆಯದೆ ಎದ್ದು ಬಂದಿದ್ದಾಳೆ, ಜ್ವರ ಅವಳ ಎರಡೂ ಕಿವಿ ಕಿತ್ತುಕೊಂಡು ಎರಡು ವರ್ಷ, ಅದಕ್ಕೂ ಮೊದಲು ಈ ಹೆವಿ ಮ್ಯೂಸಿಕ್ಕಿನ ಹುಚ್ಚು ಹಿಡಿಸಿದ್ದು ಅವಳೇ ತಾನೆ, ಡ್ರಮ್ಮಿನವನು ಎರಡೂ ಕಾಲಲ್ಲಿ ಒದೀತಾನೆ ಕಣೋ, ಎಣಿಸು ನೋಡೋಣ, ಇವನಿಗೆ ಎಣಿಸಲಾಗುತ್ತಿರಲಿಲ್ಲ, ಅವಳು ಅಂಗುಸ್ತಾನದಲ್ಲಿ ಮೇಜಿನ ಮೇಲೆ ಟಕಟಕಟಕ, ಒಂದೂ ತಪ್ಪದೆ — ಈಗ ಆ ಬೆರಳು ಎದ್ದಿದೆ, ಗಾಳಿಯಲ್ಲೇ ನಿಂತಿದೆ, ಇಳಿಯುತ್ತಿಲ್ಲ, ಏಟೆಲ್ಲಾ ಕಲಸಿದ ಹಿಟ್ಟು ಕಣೋ ಕೆಂಡ, ಅಂದಳು, ಕೆಂಡ ಅನ್ನುವುದು ಇವನ ಸಿಟ್ಟಿಗೆ ಅವಳಿಟ್ಟ ಹೆಸರು, ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಿಲ್ಲ, ಅಂಗಡಿಯವನು ಬೆಚ್ಚಿಬಿದ್ದ.

ಮನೆಯಲ್ಲೂ ಇದೇ ತಪ್ಪು, ಹಳೇ ಸ್ಪೀಕರ್ ಪೆಟ್ಟಿಗೆಯ ವಾಲ್ಯೂಮು ತಿರುವಿದ್ದೇ ತಿರುವಿದ್ದು, ಕೂಗಿದರೆ ಮುಟ್ಟುತ್ತದೆ ಅನ್ನುವ ಸಿಟ್ಟಿನವನ ಬುದ್ಧಿ, ತಗಡು ಕತ್ತರಿಸುವ ಪ್ರೆಸ್ಸಿನ ಮುಂದೆ ಏಳು ವರ್ಷ ನಿಂತವನಿಗೆ ತಿಳಿಯಬೇಡವೇ, ಅಚ್ಚು ಸಡಿಲವಿದ್ದರೆ ಏಟು ಬಿದ್ದ ಮೇಲೂ ತಗಡು ಗೊಣಗುತ್ತದೆ, ಬಿಗಿಯಿದ್ದರೆ ಟಕ್, ಮುಗಿಯಿತು — ಅಗೋ ಮೂಲೆಯಲ್ಲೊಂದು ಸ್ಪೀಕರ್ ಪೆಟ್ಟಿಗೆಯಿದೆ, ಗಿಡ್ಡದು, ಎಲ್ಲೂ ತೂತಿಲ್ಲದ್ದು, ಗೆಣ್ಣಿನಿಂದ ಬಡಿದ, ಕಲ್ಲಿನ ಹಾಗೆ ಸುಮ್ಮನಿತ್ತು, ಅದೇ ಹಾಡನ್ನ ಇದರಲ್ಲಿ ಹಾಕಿ, ಇದು ಅಷ್ಟು ಅಲ್ಲಾಡಿಸಲ್ಲ ಸಾರ್, ಗೋಡೆ ಕಟ್ಟಿಕೊಂಡು ನನಗೇನಾಗ್ಬೇಕು ಸ್ವಾಮಿ, ಏಟು ಬಿದ್ದು ನಿಲ್ಲಬೇಕು ಅಷ್ಟೆ, ಹಾಕಿ — ಬಾಗಿಲು ಸುಮ್ಮನಾಯಿತು, ಅಂಗಡಿಯವನ ಮುಖ ಸಣ್ಣಗಾಯಿತು, ಬಂತು, ಪಾದದಡಿಯಿಂದ ಬಂತು, ಒಂದೊಂದೂ ಬಿಡಿಬಿಡಿಯಾಗಿ, ಅಕ್ಕ ಕಣ್ಣು ಮುಚ್ಚಿದಳು, ಬೆರಳೆದ್ದಿತು, ನಿಂತಿತು, ಇಳಿಸೇ ಅಕ್ಕ, ಇಳಿಸು — ಟಕ್, ಟಕ ಟಕ, ಟಕಟಕಟಕಟಕ, ಎರಡೂ ಕಾಲು ಕಣೋ, ಎರಡೂ ಕಾಲು, ಅಂಗಡಿ ತುಂಬ ಅವಳದೇ ದನಿ, ಅಂಗಡಿಯವನೂ ನಗುತ್ತಿದ್ದಾನೆ, ಪಾಪ, ಅವನ ಮೇಲಿನ ಸಿಟ್ಟು ಎಲ್ಲಿಟ್ಟೆನೋ, ತಡಕಿದರೂ ಸಿಗುತ್ತಿಲ್ಲ, ಹಾಡು ಆ ಜಾಗಕ್ಕೆ ಬಂತು, ಇಬ್ಬರಿಗೂ ಗೊತ್ತಿರುವ ಜಾಗ, ಡ್ರಮ್ಮು ಥಟ್ಟನೆ ನಿಲ್ಲುತ್ತದೆ, ಒಂದು ಗುಟುಕು ಮೌನ, ಬೆರಳೂ ನಿಂತಿದೆ, ಗಾಳಿಯಲ್ಲಿ, ಸರಿಯಾಗಿ ಅಲ್ಲೇ ನಿಂತಿದೆ, ಅಂಗುಸ್ತಾನದ ತುದಿಯಲ್ಲಿ ಒಂದು ಚುಕ್ಕಿ ಬೆಳಕು —