ನೀರುಗಂಟಿಯ ಚುಕ್ಕಿ

ಗಾಳಿ ತುಂಬಿ ಉಬ್ಬಿಸುವ ಕಪ್ಪು ಗುಡಾರವೊಂದನ್ನು ಶಾಲೆಯಿಂದ ಶಾಲೆಗೆ ಒಯ್ದು, ಅದರೊಳಗೆ ಮಕ್ಕಳಿಗೆ ನಕ್ಷತ್ರ ತೋರಿಸುವುದು ಸ್ಮಿತಾಳ ಕೆಲಸ. ಒಂದು ತಂಡಕ್ಕೆ ಇಪ್ಪತ್ತೇ ನಿಮಿಷ; ತಡವಾದರೆ ಹೊರಗಿನ ಮಕ್ಕಳು ಬಿಸಿಲಲ್ಲಿ ಬೇಯುತ್ತಾರೆ.

ಹೋದ ವರ್ಷ ಚಿಕ್ಕಜಾಲದ ಕಡೆಯ ಶಾಲೆಯೊಂದರಲ್ಲಿ ಅವಳು, "ಆಕಾಶ ನೋಡಿ ಲೆಕ್ಕ ಹಾಕೋರನ್ನ ಏನಂತಾರೆ?" ಎಂದು ಕೇಳಿದಳು. ಮಕ್ಕಳ ಹಿಂದೆ ಕೂತಿದ್ದ ಬಿಸಿಯೂಟದ ನಾರಾಯಣಮ್ಮ ಬಾಯಿ ತೆರೆದರು.

"ನಮ್ ತಾತನ್ನ ನೀರುಗಂಟಿ ಅಂತಿದ್ರು ಮೇಡಮ್ಮೋರೆ. ಕೆರೆ ಏರಿ ಮ್ಯಾಲೆ ಮಲಗಿ, ಚುಕ್ಕಿ ನೋಡ್ಕಂಡು..."

"ಅಮ್ಮಾ, ಅದು ಕೆರೆ ಕಾಯೋ ಕೆಲಸ. ನಾನ್ ಕೇಳಿದ್ದು ವಿಜ್ಞಾನಿಗಳನ್ನ." ಸ್ಮಿತಾ ನಕ್ಕಳು, ಮಕ್ಕಳೂ ನಕ್ಕರು. "ಖಗೋಳವಿಜ್ಞಾನಿ. ಖ ಅಂದ್ರೆ ಆಕಾಶ. ಎಲ್ರೂ ಹೇಳಿ."

ಎಲ್ಲರೂ ಹೇಳಿದರು. ನಾರಾಯಣಮ್ಮನೂ ಹೇಳಿದರು.

ಈ ವರ್ಷ ಮಕ್ಕಳಿಗಾಗಿ ಪದಗಳ ಕಿರುಪುಸ್ತಕ ಬರೆಯುವಾಗ ಸ್ಮಿತಾ 'ಅಸ್ಟ್ರಾನಮರ್' ಎಂಬ ಮಾತಿನ ಗ್ರೀಕ್ ಮೂಲ ಹುಡುಕಿದಳು. ಮೊದಲರ್ಧ ನಕ್ಷತ್ರ. ಉಳಿದರ್ಧದ ಬೇರಿಗೆ 'ಪಾಲು ಹಂಚು' ಎಂಬ ಅರ್ಥವಿತ್ತು. ಅವಳ ಕೈ ನಿಂತಿತು. ಚುಕ್ಕಿ ನೋಡಿಕೊಂಡು ಆ ತಾತ ಏನು ಮಾಡುತ್ತಿದ್ದ? ಆ ಮಾತನ್ನು ಮುಗಿಸಲು ತಾನು ಬಿಟ್ಟಿರಲಿಲ್ಲ.

ಮರುದಿನವೇ ಯಲಹಂಕದಿಂದ ಬಸ್ಸು ಹತ್ತಿದಳು. ಶಾಲೆಯ ಅಡುಗೆಮನೆಯಲ್ಲಿ ನಾರಾಯಣಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಿಮ್ಮ ತಾತ ಚುಕ್ಕಿ ನೋಡಿ ಏನಾದರೂ ಹಂಚುತ್ತಿದ್ದರೇ ಎಂದು ಸ್ಮಿತಾ ಕೇಳಿದಳು.

"ಹೌದು, ನೀರು ಪಾಲು ಮಾಡೋನು," ಎಂದರು. "ಒಂದ್ ಚುಕ್ಕಿ ಏರಿದ್ರೆ ಒಬ್ರ ಗದ್ದೆಗೆ, ಇನ್ನೊಂದು ಇಳಿದ್ರೆ ಇನ್ನೊಬ್ರಿಗೆ."

"ಯಾವ ಚುಕ್ಕಿ ಅಮ್ಮಾ?"

"ನಂಗೆಲ್ಲಿ ಗೊತ್ತು? ಹೆಣ್ಮಕ್ಕಳನ್ನ ರಾತ್ರಿ ಏರಿಗೆ ಬುಡ್ತಿದ್ರಾ? ತಾತನ ಜೊತೆ ಮಲಗ್ತಿದ್ದೋನು ನಮ್ಮಣ್ಣ. ಅವತ್ತು ಅವನ್ನ ನಿಮ್ ಗುಡಾರಕ್ಕೆ ಕರ್ಕಂಬರಾನ ಅಂತಿದ್ದೆ. ಅದು ಕಾಯೋ ಕೆಲ್ಸ ಅಂದ್ರಲ್ಲ, ಸುಮ್ಕಾದೆ."

"ಈಗ ಎಲ್ಲಿದಾರೆ ಅವ್ರು?"

"ಯುಗಾದಿ ಆದ್ಮ್ಯಾಕೆ ಓಗ್ಬುಟ್ಟ."

ಸ್ಮಿತಾ ಮೊರದ ಪಕ್ಕ ಕೂತಳು. "ತಪ್ಪು ಮಾಡ್ಬಿಟ್ಟೆ ಅಮ್ಮಾ."

"ಓದಿರೋರು, ನೀವ್ಯಾಕ್ ತಪ್ಪು ಮಾಡ್ತೀರಿ?" ಆ ದನಿಯಲ್ಲಿ ಕೊಂಕಿರಲಿಲ್ಲ. "ನೀವ್ ಏಳ್ಕೊಟ್ಟಿದ್ದು ಮರ್ತಿಲ್ಲ ನೋಡಿ. ಕಗೋಳವಿಗ್ನಾನಿ. ಕ ಅಂದ್ರೆ ಆಕಾಸ. ಸರೀನಾ?"

ಸ್ಮಿತಾ ತಲೆಯಾಡಿಸಿ, ಮೊರದ ಇನ್ನೊಂದು ಅಂಚಿನಿಂದ ಕಲ್ಲು ಹೆಕ್ಕತೊಡಗಿದಳು. ವಾಪಸ್ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.