ಸಾಲಿಗೆ ಹಚ್ಚುವ ಹೆಸರು

ನಾಲ್ಕನೆಯದೂ ಹೆಣ್ಣು ಎಂದು ಸೂಲಗಿತ್ತಿ ಹೇಳಿದಾಗ, ಅತ್ತೆ ಮಹಾದೇವಕ್ಕ ಕೂಸಿನ ಮುಖ ನೋಡುವ ಮೊದಲೇ ಹೆಸರು ಹೇಳಿಬಿಟ್ಟಿದ್ದಳು: ಸಾಕವ್ವ. ಹೆಣ್ಣು ಇನ್ನು ಸಾಕು ಎಂದು ದೇವರಿಗೆ ತಿಳಿಯಲಿ ಎಂಬುದು ಅವಳ ಲೆಕ್ಕ. ತೊಟ್ಟಿಲಿಗೆ ಹಾಕುವ ದಿನ ಬಾಣಂತಿ ಅನ್ನವ್ವನನ್ನು ಯಾರೂ ಏನೂ ಕೇಳಲಿಲ್ಲ. ಬಸಿರಿದ್ದಷ್ಟು ದಿನವೂ ನೀಲಗಂಗಾ ಎಂಬ ಹೆಸರೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಅವಳು ಬಾಯಿ ಬಿಡಲೂ ಇಲ್ಲ. ಮುಂದೆ ಮೂರು ವರ್ಷಕ್ಕೆ ಗಂಡು ಹುಟ್ಟಿತು, ಮಡಿವಾಳೆಪ್ಪ. ನಾನಿಟ್ಟ ಹೆಸರೇ ಫಲ ಕೊಟ್ಟಿತು ಎಂದು ಮಹಾದೇವಕ್ಕ ಓಣಿಯ ತುಂಬ ಹೇಳಿಕೊಂಡು ಬಂದಳು.

ಸಂಶಿಯ ಆಚೆಗಿನ ಆ ಹಳ್ಳಿಯಲ್ಲಿ ಎಂಬತ್ತನಾಲ್ಕರ ಬೇಸಿಗೆ ಮುಗಿಯುತ್ತ ಬಂದಿತ್ತು. ಜೂನ್ ಬಂದರೆ ಸಾಕವ್ವ ಸಾಲಿಗೆ ಹೋಗಬೇಕು. ಅನ್ನವ್ವ ಮಗಳನ್ನು ತಯಾರು ಮಾಡುವ ಕೆಲಸ ಹಿಡಿದಿದ್ದಳು. ಗಂಡನ ಹಳೆಯ ಧೋತರ ಮಡಚಿ ಪಾಟಿಚೀಲ ಹೊಲಿದಳು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಸಿ ಎಡಗಿವಿ ಮುಟ್ಟಿಸಿದಳು. ಕಿವಿ ಸಿಗದಿದ್ದರೆ ವಯಸ್ಸು ಸಾಲದೆಂದು ಮಾಸ್ತರರು ಮನೆಗೆ ಕಳಿಸುತ್ತಿದ್ದರು. ಹುಡುಗಿಯ ಬೆರಳ ತುದಿ ಕಿವಿಗೆ ಹತ್ತಲು ಇನ್ನೂ ಕೂದಲೆಳೆಯಷ್ಟು ದೂರವಿತ್ತು. ಅವಳು ಕುತ್ತಿಗೆಯನ್ನೇ ಅತ್ತ ವಾಲಿಸಿ ಮುಟ್ಟುವುದನ್ನು ತಾನಾಗಿ ಕಲಿತುಕೊಂಡಳು. ಒಂದಕ್ಕೆ ಬಂದರೆ ಎದ್ದು ಓಡಿಬರಬಾರದು, ಕೇಳಿ ಹೋಗಬೇಕು ಎಂದು ಹೇಳಿಕೊಟ್ಟಾಗ, "ಅವ್ರು ಬ್ಯಾಡಂದ್ರ?" ಎಂದು ಕೇಳಿದಳು.

"ಬ್ಯಾಡನ್ನೂದಿಲ್ಲ."

"ಅಂದ್ರ?"

"ಅಂದ್ರ ಎದ್ದು ಹೋಗು. ನಾ ಬಂದು ಮಾತಾಡ್ತೀನಿ."

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಹಿರಿಮಗಳು ರೇವವ್ವ ಮಾಸ್ತರಳಾಗಿ ಕೂತಿದ್ದಳು. ಕೈಯಲ್ಲಿ ಹತ್ತಿಕಟ್ಟಿಗೆಯ ಬೆತ್ತ. ಉಳಿದವರು ಸಾಲಾಗಿ ಎದುರಿಗೆ. ಅನ್ನವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೇಳಿಸಿಕೊಳ್ಳುತ್ತಿದ್ದಳು.

"ಎದ್ದು ನಿಂದ್ರು. ನಿನ್ನ ಹೆಸರೇನು?"

"ಸಾಕವ್ವ ಈರಬಸಪ್ಪ ಅಂಗಡಿ."

"ಸಾಕವ್ವ ಅಂದ್ರೇನು?"

"ಹೆಣ್ಣ ಸಾಕು ಅಂತ," ಎಂದಳು ಹುಡುಗಿ. ಊರ ಹೆಸರು ಹೇಳಿದಷ್ಟೇ ಸಲೀಸಾಗಿ, ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿಕೊಂಡು ಹೇಳಿದಳು. ಸರಿಯುತ್ತರ ಕೊಟ್ಟೆನೆಂಬ ಖುಷಿಯಲ್ಲಿ ಅವ್ವನ ಕಡೆಗೊಮ್ಮೆ ನೋಡಿದಳು.

ಅನ್ನವ್ವನ ಕೈ ನಿಂತಿತು. ಹುಡುಗಿಗೆ ಅರ್ಥ ಗೊತ್ತಿದೆ ಎಂದು ಅವಳು ಎಂದೂ ಎಣಿಸಿರಲಿಲ್ಲ. ಗೊತ್ತಿರುವುದು ಮಾತ್ರವಲ್ಲ, ನೋವಿಲ್ಲದೆ ಗೊತ್ತಿದೆ. ಸಾಲಿಯಲ್ಲಿ ದಿನಾ ಹಾಜರಿ ಕರೆಯುವಾಗ ನಲವತ್ತು ಹುಡುಗರ ನಡುವೆ ಇದೇ ಮಾತಿಗೆ ಇವಳು ಎದ್ದು ನಿಂತು ಓಗೊಡಬೇಕು. ಎಂದೋ ಒಂದು ದಿನ ನೋವೂ ತಿಳಿಯುತ್ತದೆ. ಅನ್ನವ್ವ ಸೆರಗಿಗೆ ಕೈ ಒರೆಸಿ ಎದ್ದಳು.

ಸಂಜೆ ಗಂಡ ಉಣ್ಣಲು ಕೂತಾಗ, ಅತ್ತೆಯೂ ಅಲ್ಲೇ ಇದ್ದಾಗ ಹೇಳಿದಳು. "ಸಾಲಿಗೆ ಹೆಸರು ಹಚ್ಚೂ ಮುಂದ ಇಕಿ ಹೆಸರು ನೀಲಗಂಗಾ ಅಂತ ಬರಸೂದು."

ಈರಬಸಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ಮುರಿಯದೆ ತಾಯಿಯ ಕಡೆ ನೋಡಿದ. ಮಹಾದೇವಕ್ಕ ನಿಧಾನಕ್ಕೆ ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡಳು.

"ಆ ಹೆಸರು ಹೆಣ್ಣಿನ ದಾರಿ ಕಟ್ಟೈತಿ. ಗಂಡ ಕೊಟ್ಟೈತಿ. ಅದನ್ನ ಬಿಚ್ಚಿದ್ರ ಏನೇನ ಹರದು ಹೊಕ್ಕೈತಿ ನಿನಗ ಗೊತ್ತೇನು? ಒಂದ ಕೂಸೈತಿ ನಮ್ಮನ್ಯಾಗ."

"ಐದ ಅದಾವ್ರಿ ಅತ್ತಿ," ಎಂದಳು ಅನ್ನವ್ವ.

ಮಾತು ಅಲ್ಲಿಗೆ ನಿಂತಿತು. ಆದರೆ ಎರಡು ದಿನಕ್ಕೆ ಮಡಿವಾಳೆಪ್ಪನಿಗೆ ಜ್ವರ ಬಂತು. ಬರೀ ಬೆಚ್ಚಗಲ್ಲ, ಮೈಮೇಲೆ ಕೈಯಿಟ್ಟರೆ ಹಂಚು ಮುಟ್ಟಿದಂತೆ. ಕೂಸು ತಲೆಯನ್ನು ಆಚೆಈಚೆ ಹೊರಳಿಸುತ್ತ ಅತ್ತು ಅತ್ತು ದನಿ ಕುಂದಿತು. ಮಹಾದೇವಕ್ಕ ಕೂಗಾಡಲಿಲ್ಲ. ದೇವರ ಜಗಲಿಯಿಂದ ವಿಭೂತಿ ತಂದು ಮೊಮ್ಮಗನ ಹಣೆಗೆ ಹಚ್ಚಿದಳು. ಮದುವೆಯಾದ ಮೇಲೆ ಎರಡು ಗಂಡುಕೂಸುಗಳನ್ನು ಮಣ್ಣಿಗೆ ಇಟ್ಟವಳು ಅವಳು. ಅದು ಅನ್ನವ್ವನಿಗೂ ಗೊತ್ತಿತ್ತು.

"ಜಗಲಿ ಮುಟ್ಟಿ ಆಣಿ ಮಾಡು, ಅನ್ನವ್ವ. ಹೆಸರು ಬದಲಿ ಮಾಡೂದಿಲ್ಲ ಅಂತ ಹೇಳು. ನಿನ್ನ ಕಾಲಿಗೆ ಬೀಳಲೇನು?"

ಅನ್ನವ್ವನಿಗೂ ಅಂಜಿಕೆಯಿತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ. ಒಂದು ಗಳಿಗೆ ಅವಳ ಕಾಲು ಜಗಲಿಯ ಕಡೆಗೆ ಎದ್ದೇ ಬಿಟ್ಟಿತು. ಅಷ್ಟರಲ್ಲಿ ಬಾಗಿಲ ಹಿಂದೆ ನಿಂತಿದ್ದ ಸಣ್ಣ ಮಗಳು ಕಣ್ಣಿಗೆ ಬಿದ್ದಳು. ತಮ್ಮನ ಹತ್ತಿರ ಬರಲು ಹೆದರಿ, ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಳು.

"ಯವ್ವಾ, ನನ್ನಿಂದ ತಮ್ಮ ಸಾಯ್ತಾನೇನಬೇ?"

ಅನ್ನವ್ವ ಜಗಲಿಗೆ ಬೆನ್ನು ಮಾಡಿ ನಿಂತಳು.

"ನೀಲಗಂಗಾ," ಎಂದು ಕರೆದಳು. ಆ ಹೆಸರನ್ನು ಗಟ್ಟಿಯಾಗಿ ಕರೆದದ್ದು ಅದೇ ಮೊದಲು. "ನೀಲಗಂಗಾ, ಬಾ ಇಲ್ಲೆ. ತಮ್ಮಗ ನೀರು ಕುಡಸು."

ಹುಡುಗಿ ಆಯಿ ಮಹಾದೇವಕ್ಕನ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಮೆಲ್ಲನೆ ಬಂದು ತಂಬಿಗೆ ಎತ್ತಿಕೊಂಡಳು. ಮಹಾದೇವಕ್ಕ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಕೂಸಿನ ಜ್ವರಕ್ಕ ಡಾಕ್ಟರು ಅದಾರ್ರಿ. ಹೆಸರಿಗೂ ಅದಕ್ಕೂ ಸಂಬಂಧ ಇಲ್ಲ. ಇದ್ರ, ಅದು ನನ್ನ ತಲಿ ಮ್ಯಾಲ ಬರ್ಲಿ, ಇಕಿ ತಲಿ ಮ್ಯಾಲ ಬ್ಯಾಡ," ಎಂದು ಅನ್ನವ್ವ ಕೂಸನ್ನು ಕೌದಿಯಲ್ಲಿ ಸುತ್ತಿ ಎತ್ತಿಕೊಂಡಳು. ಇನ್ನೊಂದು ಕೈಯಲ್ಲಿ ಹುಡುಗಿಯ ಕೈ ಹಿಡಿದಳು. ಗಂಡ ಹೊಲದಿಂದ ಬರಲಿ ಎಂದು ಕಾಯಲಿಲ್ಲ. ಬಿಸಿಲಲ್ಲಿ ನಡೆದು ಬಸ್ಸು ಹಿಡಿದು ಸಂಶಿಗೆ ಹೋದಳು.

ಡಾಕ್ಟರು ಕೂಸಿನ ಕಿವಿಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, ಕೀವು ತುಂಬಿದೆ, ಇನ್ನೆರಡು ದಿನ ಬಿಟ್ಟು ಬಂದಿದ್ದರೆ ಕಷ್ಟವಾಗುತ್ತಿತ್ತು ಎಂದರು. ಸೂಜಿ ಮಾಡಿ, ಬಿಡಲು ಹನಿ ಔಷಧ ಕೊಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ಹುಡುಗಿ ಮತ್ತೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ತಮ್ಮನ ಕಿವಿಯನ್ನೇ ನೋಡುತ್ತಿದ್ದಳು. ಮಡಿವಾಳೆಪ್ಪ ನಿದ್ದೆ ಹೋಗಿದ್ದ. ಕೀವು ತನ್ನ ಹೊಸ ಹೆಸರಿಗಿಂತ ಮೊದಲೇ ಬಂದಿತ್ತೇ ಎಂದು ಅವಳು ಕೇಳಿದಳು. ಹೌದು ಎಂದು ಅನ್ನವ್ವ ಹೇಳಿದಳು. ಆ ಮೇಲೆ ಹುಡುಗಿ ಬೆನ್ನ ಹಿಂದಿನ ಕೈ ತೆಗೆದು ತಮ್ಮನ ಅಂಗಾಲು ಮುಟ್ಟಿದಳು.

ಕೂಸಿನ ಜ್ವರ ಇಳಿಯಿತು. ಮಹಾದೇವಕ್ಕನ ಮಾತು ಇಳಿಯಲಿಲ್ಲ. ಕೂಸು ಉಳಿದದ್ದು ನನ್ನ ವಿಭೂತಿಯಿಂದ ಎಂದಳು. ಈರಬಸಪ್ಪ ಇಬ್ಬರ ನಡುವೆ ಸಿಕ್ಕಿಕೊಂಡ. ಕೆಟ್ಟ ಮನುಷ್ಯನಲ್ಲ, ಆದರೆ ತಾಯಿಗೆ ಎದುರಾಡಿದವನಲ್ಲ. ಸಾಲಿ ತೆರೆದ ದಿನ ಮುಂಜಾನೆ ಬಿತ್ತನೆಯ ನೆಪ ಹೇಳಿ ಕೂರಿಗೆ ಕಟ್ಟಿದ.

"ಹಿರೇ ಮೂರೂ ಹುಡುಗ್ಯಾರ ಹೆಸರು ನೀವ ಹಚ್ಚಿ ಬಂದೀರಿ," ಎಂದಳು ಅನ್ನವ್ವ.

"ಈ ಸಲ ನಾ ಬರೂದಿಲ್ಲ. ಅವ್ವನ ಮುಂದ ನಾ ಏನ್ ಹೇಳ್ಲಿ?"

"ಏನೂ ಹೇಳಬ್ಯಾಡ್ರಿ. ನಾನ ಹೊಕ್ಕೀನಿ."

ಆ ಮನೆತನದ ಸೊಸೆ ಹಾಡಹಗಲು ಊರ ನಡುವೆ ನಡೆದು ಸಾಲಿಗೆ ಹೋದದ್ದನ್ನು ಓಣಿ ನೋಡಿರಲಿಲ್ಲ. ಅಂದು ನೋಡಿತು. ರಾತ್ರಿ ಮಳೆಯಾಗಿ ಎರೆಮಣ್ಣು ಚಪ್ಪಲಿಗೆ ಸೇರುಸೇರು ಹತ್ತುತ್ತಿತ್ತು. ಅನ್ನವ್ವ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು. ಕಟ್ಟೆಯ ಮೇಲಿದ್ದವರು ಕತ್ತು ಚಾಚಿದರು. ಅವಳು ಸೆರಗು ಸರಿಪಡಿಸಿಕೊಂಡಳು, ತಲೆ ತಗ್ಗಿಸಲಿಲ್ಲ. ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡ ಹುಡುಗಿ ಪಕ್ಕದಲ್ಲಿ ಬಾಯೊಳಗೇ ಹೊಸ ಹೆಸರು ಹೇಳಿಕೊಳ್ಳುತ್ತ ಬಂದಳು.

ಹೆಡ್‌ಮಾಸ್ತರರ ಹೆಸರು ಹುಚ್ಚಪ್ಪ. ಅವರು ಕನ್ನಡಕ ಏರಿಸಿ ಅನ್ನವ್ವನ ಹಿಂದೆ ಯಾರಾದರೂ ಗಂಡಸರು ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದರು.

"ಯಜಮಾನ್ರು ಬರಲಿಲ್ಲೇನವಾ?"

"ಬಿತ್ತಾಕ ಹೋಗ್ಯಾರ್ರಿ. ಕೂಸಿನ ಹೆಸರು ನೀಲಗಂಗಾ ಅಂತ ಬರಕೊಳ್ರಿ."

"ಇದು ನಿಮ್ಮ ಸಾಕವ್ವ ಅಲ್ಲೇನು? ಊರೆಲ್ಲ ಹಂಗ ಕರೀತೈತಿ." ಮಾಸ್ತರರು ನಕ್ಕರು. "ಹೆಸರಿನಾಗ ಏನೈತವಾ? ನನ್ನ ಹೆಸರು ಹುಚ್ಚಪ್ಪ. ನಾ ಏನ್ ಹುಚ್ಚ ಆಗೇನೇನು? ಸಾಲಿ ಕಲತೆ, ನೌಕರಿ ಹಿಡದೆ. ಸುಮ್ನ ಮನ್ಯಾಗ ಜಗಳ ಯಾಕ?"

ಅನ್ನವ್ವ ಈ ಮಾತಿಗೆ ಸಿದ್ಧವಾಗಿ ಬಂದಿರಲಿಲ್ಲ. ಆದರೆ ಉತ್ತರ ತಾನಾಗಿ ಬಂತು.

"ನಿಮಗಿಂತ ಮೊದಲ ಹುಟ್ಟಿದ ಕೂಸುಗಳು ಉಳದಿರಾಕಿಲ್ರಿ, ಸರ. ನೀವರೆ ಉಳೀಲಿ ಅಂತ, ಸಾವಿನ ಕಣ್ಣು ತಪ್ಪಲಿ ಅಂತ ನಿಮ್ಮವ್ವ ಆ ಹೆಸರಿಟ್ಟಾಳ. ಇಕಿ ಹೆಸರು ಹಂಗ ಇಟ್ಟದ್ದಲ್ರಿ. ಇಕಿ ಬರಬಾರದಿತ್ತು ಅಂತ ಇಟ್ಟದ್ದು. ಎರಡೂ ಒಂದ ಏನ್ರಿ?"

ಹುಚ್ಚಪ್ಪ ಮಾಸ್ತರರ ನಗು ನಿಂತಿತು. ಅವರು ದಾಖಲಾತಿ ಪುಸ್ತಕ ಎಳೆದುಕೊಂಡು ಬಿಚ್ಚಿದರು.

"ಪಾಲಕರ ಸಹಿ ಬೇಕಲ್ಲವಾ," ಎಂದರು, ಸ್ವಲ್ಪ ತಗ್ಗಿದ ದನಿಯಲ್ಲಿ.

"ಹಡದಾಕಿ ನಾನು. ಸಹಿ ನನಗ ಬರತೈತಿ. ನಾಕನೇತ್ತ ತನಕ ಸಾಲಿ ಓದೀನಿ."

"ನಾಳೆ ನಿಮ್ಮವರು ಬಂದು ತಕರಾರು ಮಾಡಿದ್ರ?"

"ನನ್ನ ಕಡೆ ಕಳಸ್ರಿ."

ಮಾಸ್ತರರು ಹುಡುಗಿಯ ಕಡೆ ತಿರುಗಿದರು. "ನೀ ಹೇಳವಾ. ನಿನ್ನ ಹೆಸರೇನು?"

ಹುಡುಗಿ ಕೈ ಕಟ್ಟಿದಳು. ಅವ್ವನ ಕಡೆಗೊಮ್ಮೆ ನೋಡಿದಳು. ಅನ್ನವ್ವ ಹೇಳಿಕೊಡಲಿಲ್ಲ. ಹೇಳಿಕೊಟ್ಟರೆ ಅದು ತನ್ನ ಹೆಸರಾಗುತ್ತದೆಯೇ ಹೊರತು ಅವಳದಾಗುವುದಿಲ್ಲ ಎನಿಸಿತು. ಹೊರಗೆ ಹುಡುಗರು ಗಂಟೆಗೆ ಕಲ್ಲು ಹೊಡೆದು ಓಡಿದರು.

"ನೀಲಗಂಗಾ ಈರಬಸಪ್ಪ ಅಂಗಡಿ," ಎಂದಳು ಹುಡುಗಿ. ಹೊಲದಲ್ಲಿ ಹಕ್ಕಿ ಹೊಡೆಯುವಾಗ ಕೂಗುವಂತೆ ಹೇಳಿದಳು. ಬಾಜೂ ಖೋಲಿಯ ಹುಡುಗರು ಇಣುಕಿ ನೋಡಿದರು.

ಮಾಸ್ತರರು ಕಿವಿ ಮುಟ್ಟಿಸಿ ನೋಡುವುದನ್ನೂ ಮರೆತು ಬರೆದರು. ಅನ್ನವ್ವ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಮಸಿ ಬೆರಳಿಗೆ ಹತ್ತಿತು.

ಮನೆಯಲ್ಲಿ ಆ ದಿನ ಮಹಾದೇವಕ್ಕ ಉಣ್ಣಲಿಲ್ಲ. ಅನ್ನವ್ವ ಎರಡು ಸಲ ತಾಟು ಹಚ್ಚಿ ಕೊಟ್ಟಳು, ಕ್ಷಮೆ ಕೇಳಲಿಲ್ಲ. ಮರುದಿನ ಹಸಿವು ತಾಳದೆ ಮುದುಕಿ ತಾನಾಗಿ ಬಂದು ಕೂತಳು. ಈರಬಸಪ್ಪ ಸುದ್ದಿ ಕೇಳಿ, "ಆತು," ಎಂದಷ್ಟೇ ಹೇಳಿದ. ಅಂದಿನಿಂದ ಸಣ್ಣ ಮಗಳನ್ನು ಹಳೆಯ ಹೆಸರಿನಿಂದಲೂ ಕರೆಯಲಿಲ್ಲ, ಹೊಸದರಿಂದಲೂ ಕರೆಯಲಿಲ್ಲ. ತಂಗಿ ಎಂದು ಕರೆಯತೊಡಗಿದ. ಅವನಿಂದ ಅಷ್ಟಾದರೂ ಆಯಿತೆಂದು ಅನ್ನವ್ವ ಸುಮ್ಮನಾದಳು.

ಮಹಾದೇವಕ್ಕ ಮಾತ್ರ ಬಿಡಲಿಲ್ಲ. ಸಾಲಿ ಶುರುವಾಗಿ ತಿಂಗಳಾಗಿರಬೇಕು. ಹುಡುಗಿ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಹೊರಬೀಳುವಾಗ ಮುದುಕಿ ಕಟ್ಟೆಯ ಮೇಲಿಂದ ಕೂಗಿದಳು.

"ಸಾಕವ್ವಾ, ಒಳಗಿಂದ ನನ್ನ ಎಲಿ ಸಂಚಿ ತಂದು ಕೊಡು."

ಹುಡುಗಿ ನಿಲ್ಲಲಿಲ್ಲ.

"ಏ ಸಾಕವ್ವಾ. ಕಿವಿ ಕೇಳಸೂದಿಲ್ಲೇನು?"

ಹುಡುಗಿ ಅಂಗಳದ ತುದಿಯಲ್ಲಿ ನಿಂತು ಹಿಂದಿರುಗಿದಳು. "ಆ ಹೆಸರಿನಾಕಿ ನಮ್ಮನ್ಯಾಗ ಇಲ್ಲಾಯಿ," ಎಂದಳು. ಸಿಟ್ಟಿಲ್ಲ, ತಮಾಷೆಯೂ ಇಲ್ಲ. ಹೇಳಿ, ಗಂಟೆ ಹೊಡೆಯುತ್ತದೆಂದು ಓಡಿದಳು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅನ್ನವ್ವ ಎಲ್ಲವನ್ನೂ ಕೇಳಿದಳು. ಹಿಂದಕ್ಕೆ ಕರೆದು ಗದರಬೇಕಿತ್ತೇನೋ. ಗದರಲಿಲ್ಲ. ಮುದುಕಿ ಗೊಣಗುತ್ತ ಮೊಣಕಾಲಿಗೆ ಕೈಯೂರಿ ಎದ್ದು, ಸಂಚಿ ಹುಡುಕಲು ತಾನೇ ಒಳಗೆ ಬಂದಳು. ಅನ್ನವ್ವ ಬೆಂದ ರೊಟ್ಟಿಯನ್ನು ತಿರುವಿ ಹಾಕಿ ಇನ್ನೊಂದಕ್ಕೆ ಹಿಟ್ಟು ನಾದಿದಳು.