ಆರಿಸಿದ ದೀಪ ತಣಿಯುವವರೆಗೆ

ಪರದೆಯ ಮೇಲೆ ಕೆಮಿಸ್ಟ್ರಿ ಮೇಡಂ ಸ್ಪಿರಿಟ್ ದೀಪಕ್ಕೆ ಮುಚ್ಚಳ ಹಾಕಿ ಆರಿಸಿದರು. ಮರುಕ್ಷಣವೇ ಬತ್ತಿಯನ್ನು ಮೇಲೆತ್ತಿ, ದೀಪದೊಳಕ್ಕೆ ಹೊಸ ಸ್ಪಿರಿಟ್ ಸುರಿದರು. ಪರದೆಯ ಪಕ್ಕದಲ್ಲಿ ಮಕ್ಕಳೆದುರು ನಿಂತಿದ್ದ ಮೇಲ್ವಿಚಾರಕಿ ವಿಡಿಯೊ ನಿಲ್ಲಿಸಿ ತಾನೂ ಅದನ್ನೇ ಮಾಡಿದಳು. ಆರಿಸಿದಳು, ಎತ್ತಿದಳು, ಸುರಿದಳು. ಬೆಂಕಿ ದೀಪದಿಂದ ಬಾಟಲಿಗೆ, ಬಾಟಲಿಯಿಂದ ಅವಳ ಬಲಗೈಗೆ ಹಾರಿತು.

ಮಕ್ಕಳಿಗೆ ಏನೂ ಆಗಲಿಲ್ಲ. ಅದೊಂದೇ ಪುಣ್ಯ.

ಆ ಶಾಲೆಯಲ್ಲಿ ವರ್ಷದಿಂದೀಚೆಗೆ ವಿಜ್ಞಾನವನ್ನು ಪರದೆಯೇ ಕಲಿಸುತ್ತಿತ್ತು. ಮೇಡಂ ತಮ್ಮ ಪಾಠಗಳನ್ನೆಲ್ಲ ಖಾಲಿ ಪ್ರಯೋಗಾಲಯದಲ್ಲಿ, ಕ್ಯಾಮೆರಾದ ಮುಂದೆ ನಿಂತು ಮಾಡಿಕೊಟ್ಟಿದ್ದರು. ಈಗ ಅವರಿಗೆ ಉಳಿದದ್ದು ವಾರಕ್ಕೊಂದು ಸಂದೇಹ ಪರಿಹಾರದ ತರಗತಿ. ಉಳಿದಂತೆ ವಿಡಿಯೊ ಹಾಕುವುದು, ನಿಲ್ಲಿಸುವುದು, ಅದರಲ್ಲಿ ಕಂಡದ್ದನ್ನು ಮೇಜಿನ ಮೇಲೆ ಮಾಡಿ ತೋರಿಸುವುದು ಎಲ್ಲವೂ ವಿಜ್ಞಾನ ಓದಿರದ ಆ ಮೇಲ್ವಿಚಾರಕಿಯ ಕೆಲಸ. ಮಕ್ಕಳು ಅವಳಿಗೆ ಇಟ್ಟಿದ್ದ ಹೆಸರು ‘ರಿಮೋಟ್ ಅಕ್ಕ’.

ಪಾಠವೇ ತಪ್ಪು, ತಪ್ಪು ಮೇಡಮ್ಮನದು ಎಂದು ಸಂಜೆಯೊಳಗೆ ಆಡಳಿತ ಮಂಡಳಿ ತೀರ್ಮಾನಿಸಿಯಾಗಿತ್ತು. ಮರುದಿನದ ವಿಚಾರಣೆ ಬರೀ ಶಾಸ್ತ್ರಕ್ಕೆ. ಆ ಕಳಂಕ ಒಮ್ಮೆ ಅಂಟಿಕೊಂಡರೆ ಯಾವ ಶಾಲೆಯೂ ತಮ್ಮನ್ನು ತರಗತಿಯೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ ಎಂಬುದು ಮೇಡಮ್ಮನಿಗೆ ಗೊತ್ತಿತ್ತು. ಅವರು ಫೋನಿನಲ್ಲಿ ಆ ವಿಡಿಯೊವನ್ನು ಮತ್ತೆ ಮತ್ತೆ ನೋಡಿದರು. ಮುಖ ತಮ್ಮದೇ, ಕೈಯೂ ತಮ್ಮದೇ. ಆದರೆ ಹಾಗೆ ತಾವು ಜನ್ಮದಲ್ಲಿ ಮಾಡಿದವರಲ್ಲ. ಎದ್ದು, ಶಾಲೆಯ ವಿಡಿಯೊಗಳನ್ನು ಸಂಕಲನ ಮಾಡುತ್ತಿದ್ದ ತಮ್ಮನ ಕೋಣೆಗೆ ನಡೆದರು.

“ನಾನು ಕಾದಿದ್ದೆಲ್ಲ ಎಲ್ಲಿ ಹೋಯ್ತೋ?”

“ಏನ್ ಕಾದಿದ್ದೆ?”

“ದೀಪ ಆರಿಸಿ, ತಣ್ಣಗಾಗೋವರೆಗೂ ಮುಟ್ಟಬೇಡಿ ಅಂತ ಹೇಳಿ, ಸುಮ್ಮನೆ ಕೂತಿದ್ನಲ್ಲ?”

ತಮ್ಮನು ಕುರ್ಚಿ ತಿರುಗಿಸಿದ. “ಅಕ್ಕ, ನೀನು ಅಲ್ಲಿ ಕಲ್ಲುಗೊಂಬೆ ಥರ ಕೂತಿದ್ದೆ. ಮಾತಿಲ್ಲ, ಕತೆಯಿಲ್ಲ. ಅದನ್ನ ಯಾರು ನೋಡ್ತಾರೆ? ಸುಮ್ಮನಿರೋ ಕಡೆಯೆಲ್ಲ ಕತ್ತರಿಸು ಅಂತ ಕಾರ್ಯದರ್ಶಿಗಳದ್ದೇ ಆರ್ಡರ್.”

“ಹೇಳಿದ ಮಾತು?”

“ಅದೂ ಆ ತುಂಡಿನ ಜೊತೆಗೇ ಹೋಗಿರುತ್ತೆ.”

“ಆ ಹೆಣ್ಣುಮಗಳ ಕೈ ಸುಟ್ಟುಹೋಯ್ತಲ್ಲೋ!”

ಅವನು ತಲೆ ತಗ್ಗಿಸಿದ. “ಜಾಗ ಸಾಲಲ್ಲ ಅಂತ ಮೂಲ ರೆಕಾರ್ಡಿಂಗ್ ಎಲ್ಲ ಅಳಿಸ್ತಾ ಬಂದಿದೀನಿ ಅಕ್ಕ. ಇದು ಇದೆಯೋ ಇಲ್ಲವೋ, ಹುಡುಕಬೇಕು. ಆದರೆ ಸಿಕ್ಕಿದ್ರೂ... ಅದನ್ನ ತೋರಿಸಿದ್ರೆ ಕತ್ತರಿ ಹಾಕಿದವನು ನಾನು ಅಂತ ಆಗುತ್ತೆ. ನನ್ನ ಗತಿ?”

ಅವನಿಗೆ ಈ ಕೆಲಸ ಕೊಡಿಸಲು ತಾವು ಯಾರ ಯಾರ ಬಾಗಿಲು ಕಾದಿದ್ದರೆಂಬುದು ಮೇಡಮ್ಮನ ನಾಲಗೆಯ ತುದಿಗೆ ಬಂತು. ನುಂಗಿಕೊಂಡರು.

“ನಾಳೆ ಬರ್ತೀಯೋ, ಇಲ್ವೋ?”

ಅವನು ಆಗಲೇ ಹೆಡ್‌ಫೋನ್ ಏರಿಸಿಕೊಂಡಿದ್ದ.

ಮರುದಿನ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಮುಖ್ಯೋಪಾಧ್ಯಾಯರು ತಮ್ಮದೇ ಕೋಣೆಯಲ್ಲಿ ಅತಿಥಿಯಂತೆ ಒಂದು ಪಕ್ಕಕ್ಕೆ ಸರಿದಿದ್ದರು. ಮೂಲೆಯ ಸ್ಟೂಲಿನ ಮೇಲೆ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು ರಿಮೋಟ್ ಅಕ್ಕ ಕೂತಿದ್ದಳು.

“ವಿಡಿಯೊದಲ್ಲಿರೋದು ನೀವೇ ತಾನೇ?” ಕಾರ್ಯದರ್ಶಿಗಳು ಕೇಳಿದರು.

“ಹೌದು. ಆದರೆ ಆರಿಸಿದ ಮೇಲೆ ಕಾದಿದ್ದೆ.”

“ಕಾದಿದ್ದು ಕಾಣಲ್ಲವಲ್ಲ ಮೇಡಂ. ಕಾಣದ್ದನ್ನ ನಂಬಬೇಡಿ ಅಂತ ಮಕ್ಕಳಿಗೆ ಹೇಳಿಕೊಡೋರು ನೀವು. ನಾವು ಹೇಗೆ ನಂಬೋದು, ನೀವೇ ಹೇಳಿ.”

ಮೇಡಂ ಬಾಗಿಲ ಕಡೆ ನೋಡಿದರು. ಬಾಗಿಲು ಮುಚ್ಚಿಯೇ ಇತ್ತು. ಕಾರ್ಯದರ್ಶಿಗಳು ಪೆನ್ನಿನ ಮುಚ್ಚಳ ತೆಗೆದು ಕಾಗದವನ್ನು ಹತ್ತಿರಕ್ಕೆಳೆದುಕೊಂಡರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಲ್ಯಾಪ್‌ಟಾಪ್ ಅವಚಿಕೊಂಡು ನಿಂತಿದ್ದ ತಮ್ಮನ ಕಣ್ಣು ನಿದ್ದೆಯಿಲ್ಲದೆ ಕೆಂಡವಾಗಿತ್ತು.

“ಮೂಲ ಸಿಕ್ಕಿದೆ ಸಾರ್.”

ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿದ. ಗೋಡೆಯ ಮೇಲೆ ಮೇಡಂ ಮೂಡಿದರು. ದೀಪಕ್ಕೆ ಮುಚ್ಚಳ ಹಾಕಿದರು. ‘ತಣ್ಣಗಾಗುವವರೆಗೂ ಯಾರೂ ಮುಟ್ಟಬಾರದು. ಬಿಸಿ ಬತ್ತಿಗೆ ಸ್ಪಿರಿಟ್ ತಗುಲಿದರೆ ಹೊತ್ತಿಕೊಳ್ಳುತ್ತದೆ’ ಎಂದು ಸ್ಪಷ್ಟವಾಗಿ ಹೇಳಿದರು. ಆಮೇಲೆ ಕೈಕಟ್ಟಿ ಕೂತರು.

ಕೂತೇ ಇದ್ದರು. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಕಾರ್ಯದರ್ಶಿಗಳ ಕಾಲು ಅಲುಗತೊಡಗಿತು.

“ಏನಪ್ಪ, ಸಿಕ್ಕಿಹಾಕಿಕೊಂಡಿದೆಯಾ?”

“ಇಲ್ಲ ಸಾರ್. ಕಾಯ್ತಿದ್ದಾರೆ.”

“ಮುಂದಕ್ಕೆ ಓಡಿಸಪ್ಪ.”

“ಓಡಿಸಬೇಡ,” ಎಂದರು ಮೇಡಂ.

ತಮ್ಮನು ಅಕ್ಕನ ಮುಖ ನೋಡಿದ, ಕಾರ್ಯದರ್ಶಿಗಳ ಮುಖ ನೋಡಿದ. ಓಡಿಸಿದ. ಗೋಡೆಯ ಮೇಲಿನ ಮೇಡಂ ಒಮ್ಮೆ ನಡುಗಿ, ಗಾಜನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ, ಸ್ಪಿರಿಟ್ ಸುರಿದರು.

“ಭೇಷ್! ಮೇಡಮ್ಮಂದು ಎಳ್ಳಷ್ಟೂ ತಪ್ಪಿಲ್ಲ, ಬರ್ಕೊಳ್ಳಿ.” ಕಾರ್ಯದರ್ಶಿಗಳು ಮೇಜು ತಟ್ಟಿದರು.

ಮೇಡಮ್ಮನಿಗೆ ಹೋದ ಉಸಿರು ಬಂದಂತಾಯಿತು.

“ಈ ಕೂತಿರೋದನ್ನ ಹಾಕೋದು ಬೇಡಪ್ಪ. ಆ ಮಾತು ಹಾಕು, ಕೆಳಗೆ ‘ಕಾಯಿರಿ’ ಅಂತ ದಪ್ಪಕ್ಷರದಲ್ಲಿ ಬರಲಿ. ಅಲ್ಲಿಗೆ ಪಾಠ ಪರಿಪೂರ್ಣ.” ಅವರು ನಗುತ್ತ ಮೇಡಮ್ಮನತ್ತ ತಿರುಗಿದರು. “ಇಷ್ಟು ಚೊಕ್ಕವಾಗಿ ಮಾಡಿಕೊಟ್ಟ ಮೇಲೆ ಸಂದೇಹ ಎಲ್ಲಿ ಉಳೀತು ಮೇಡಂ? ಆ ವಾರದ ಕ್ಲಾಸೂ ಇನ್ನು ಬೇಡ. ಇವತ್ತಿಗೇ ಮುಗಿಸೋಣ. ಹಾರ ಹಾಕಿ ಕಳಿಸಿಕೊಡ್ತೀವಿ.”

ಮುಖ್ಯೋಪಾಧ್ಯಾಯರು ಗಂಟಲು ಸರಿಮಾಡಿಕೊಂಡರು. “ಸಾರ್, ಅವರದ್ದೇನೂ ತಪ್ಪಿಲ್ಲ...”

“ನಾನೂ ಅದನ್ನೇ ಹೇಳಿದ್ದು ಕಣ್ರೀ!”

ಹೊರಗೆ ಮೊಗಸಾಲೆಯಲ್ಲಿ ತಮ್ಮನು ಹಿಂದಿನಿಂದ ಬಂದ. “ಅಕ್ಕ, ರಾತ್ರಿಯೆಲ್ಲ ಹುಡುಕಿ ತಂದ್ಕೊಟ್ಟೆ.”

“ತಂದ್ಕೊಟ್ಟೆ. ಓಡಿಸಿಯೂ ಕೊಟ್ಟೆ. ಉಳಿದ ಪಾಠಗಳ ಮೂಲ?”

“ಇದೊಂದೇ ಉಳಿದಿತ್ತು.”

ರಿಮೋಟ್ ಅಕ್ಕ ಗೋಡೆ ಹಿಡಿದು ಹತ್ತಿರ ಬಂದಳು. “ಮೇಡಂ, ನಾಳೆಯಿಂದಲೇ ಬಾ ಅಂದ್ರು. ರಿಮೋಟ್ ಒತ್ತೋಕೆ ಎಡಗೈ ಇದೆಯಲ್ಲ ಅಂತೆ.” ನಗಲು ನೋಡಿದಳು, ಆಗಲಿಲ್ಲ. “ಉಳಿದ ವಿಡಿಯೊಗಳಲ್ಲಿ ನೀವು ಎಲ್ಲೆಲ್ಲಿ ಕಾದಿದ್ರಿ? ನನಗೆ ಗೊತ್ತಾಗಲ್ಲವಲ್ಲ.”

ಮೇಡಂ ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದರು. “ಕೈಗೆ ಗೊತ್ತಮ್ಮ, ಬಾಯಿಗೆ ಬರ್ತಿಲ್ಲ. ಸಾಮಾನು ಕೈಗೆ ಸಿಕ್ಕಿದ್ರೆ...”

ಆಗ ಪಕ್ಕದ ತರಗತಿಯಿಂದ ಅವರದೇ ಧ್ವನಿ, ಉಸಿರಿಗೂ ಬಿಡುವಿಲ್ಲದೆ, ಕೇಳಿಬಂತು: ‘ಈಗ ಆಮ್ಲವನ್ನು ನೀರಿಗೆ ಸೇರಿಸೋಣ.’

“ಅಲ್ಲಿ ಯಾರಿದ್ದಾರೆ?”

“ನನ್ನ ಬದಲಿಗೆ ಆಫೀಸಿನ ಗುಮಾಸ್ತರು.”

ಮೇಡಂ ಓಡಿದರು. ಪರದೆಯ ಮೇಲೆ ಆಮ್ಲ ಒಂದೇ ಏಟಿಗೆ ನೀರಿಗೆ ಬೀಳುತ್ತಿತ್ತು. ಒಂದೊಂದು ತೊಟ್ಟಿನ ನಡುವೆ ಅವರು ಕಲಕಿದ್ದು, ತಣಿಯಲು ಬಿಟ್ಟಿದ್ದು ಎಲ್ಲ ಮಾಯವಾಗಿತ್ತು. ಗುಮಾಸ್ತರು ಆಮ್ಲ ತುಂಬಿದ ಲೋಟವನ್ನು ಎತ್ತಿ, ಇನ್ನೇನು ಬಗ್ಗಿಸುವುದರಲ್ಲಿದ್ದರು. ಮೇಡಂ ಗುಮಾಸ್ತರ ಮಣಿಕಟ್ಟು ಹಿಡಿದು, ಲೋಟವನ್ನು ಬಿಡಿಸಿಕೊಂಡು ಕೆಳಗಿಟ್ಟರು. ಎಷ್ಟೋ ದಿನಗಳ ಮೇಲೆ ಪ್ರಯೋಗದ ಸಾಮಾನಿನೊಂದಿಗೆ, ಪರದೆಗೆ ಬೆನ್ನು ಹಾಕಿ, ಮಕ್ಕಳೆದುರು ನಿಂತಿದ್ದರು.

“ಕೇಳಿ ಮಕ್ಕಳೇ, ಇಲ್ಲಿ ಸ್ವಲ್ಪ...”

ವಿಡಿಯೊ ನಿಂತಿರಲಿಲ್ಲ. ಅವರ ಮಾತಿನ ಮೇಲೆ ಅವರದೇ ಮಾತು ಹರಿದುಹೋಗುತ್ತಿತ್ತು. ಮುಂದಿನ ಬೆಂಚಿನ ಹುಡುಗಿ ಕತ್ತು ಆ ಕಡೆ ಈ ಕಡೆ ಚಾಚಿ, ಕೊನೆಗೆ ಕೈ ಎತ್ತಿದಳು.

“ಮೇಡಂ, ಸ್ವಲ್ಪ ಪಕ್ಕಕ್ಕೆ ನಿಲ್ತೀರಾ? ನೀವು ಕಾಣ್ತಾ ಇಲ್ಲ.”